ಆರನೆಯ ಹಾಡು

ಒಂಬತ್ತು ವರ್ಷ ಮನಾಮದ ಹೋಟೆಲಿನ ನೆಲಮಾಳಿಗೆಯಲ್ಲಿ
ನೀನು ಡ್ರಮ್ಮು ಬಡಿಯುತ್ತಿದ್ದೆ, ಗ್ಲೆನ್ಸನ್ ಕ್ರಾಸ್ತಾ.
ನಾನು ಚಾವಣಿಯೊಳಗೆ ತಲೆ ತೂರಿಸಿ
ಏಸಿಯ ಫಿಲ್ಟರು ಬಿಚ್ಚುತ್ತಿದ್ದೆ.
ಕೆಳಗೆ ನಿಮ್ಮ ನಾಲ್ವರ ಬ್ಯಾಂಡು;
ಬಿಗಿದ ಸ್ಕ್ರೂ ತಾವಾಗಿಯೇ ಸಡಿಲಾಗುತ್ತಿದ್ದವು.

ಈಗ ನೀನೊಬ್ಬನೇ ಮಾಡಿದ ಆಲ್ಬಮ್ಮು.
ಡ್ರಮ್ಮೇ ಇಲ್ಲ.
ಹಳೆಯ ಹಾರ್ಮೋನಿಯಂ, ಕನ್ನಡದಲ್ಲೂ ಬಿಡದ ಕೊಂಕಣಿ ಎಳೆತ,
ದೇವರ ಹೆಸರು ಒಮ್ಮೆಯೂ ಬಾರದ ಪ್ರಾರ್ಥನೆ.
"ಇದೇನು, ಮಗು ಮಲಗಿಸಲಿಕ್ಕಾ?" ಎಂದ ರೂಮಿನ ಶರಫು,
ಮಗ್ಗುಲು ಬದಲಿಸಿದ.

ನಾನು ಮಲಗಲಿಲ್ಲ.
ನನ್ನ ಕಿವಿಯ ಕಸುಬೇ ಬೇರೆ.
ಪ್ರತಿ ಹಾಡಿನ ಬೆನ್ನಿಗೂ ಸಣ್ಣಗೆ ಗುಂಯ್ —
ಕಿಟಕಿ ಏಸಿ, ಒಂದೂವರೆ ಟನ್ನು, ಬೇರಿಂಗು ಸವೆದಿದೆ,
ಗುದೈಬಿಯಾದ ಯಾವುದೋ ಬಾಡಿಗೆ ಕೋಣೆ.
ಅದಕ್ಕೇ ಶ್ರುತಿ ಕೂಡಿಸಿಕೊಂಡಿದ್ದೀಯಲ್ಲ ಮಾರಾಯ!

ಆರನೆಯ ಹಾಡಿಗೆ ಗುಂಯ್ ಇಲ್ಲ.
ಆರಿಸಿದ್ದೀ.
ಆಗಸ್ಟಿನಲ್ಲಿ ಹಾಡಿದ್ದು ಅಂತ ಬರೆದಿದ್ದೀ;
ಆಗಸ್ಟಿನಲ್ಲಿ ಇಲ್ಲಿ ಏಸಿ ಆರಿಸುವುದೆಂದರೆ ಏನೆಂದು
ಮನೆಮನೆಯ ಬೈಗುಳ ತಿಂದ ನನಗೆ ಗೊತ್ತು.

ಕುರ್ಚಿ ಕಿರ್ ಎನ್ನುತ್ತದೆ. ಉಸಿರೆಳೆದುಕೊಳ್ಳುತ್ತೀ.
ದೂರದಲ್ಲೆಲ್ಲೋ ಬಾಂಗು ಮುಗಿದ ಮೇಲೆ
ಬೆವರೋ ಏನೋ, ಮರದ ಮೇಲೆ ತಟ್ ಎಂದು ಬೀಳುತ್ತದೆ.
ಸ್ವಲ್ಪ ಬಿಟ್ಟು ಇನ್ನೊಂದು.
ಇಡೀ ಆಲ್ಬಮ್ಮಿನಲ್ಲಿ ತಾಳವೆಂದರೆ ಅಷ್ಟೇ.

ಬೆಳಿಗ್ಗೆ ಆರಕ್ಕೆ ಸಿತ್ರಾದಲ್ಲಿ ಡ್ಯೂಟಿ.
ಅದೇ ಹಾಡು ಮತ್ತೆ ಹಾಕುವ ಮುಂಚೆ
ಎದ್ದು ನಮ್ಮ ಏಸಿಯನ್ನೂ ಆರಿಸಿದೆ.
ಶರಫು ನಿದ್ದೆಗಣ್ಣಲ್ಲೇ ನನ್ನ ಕುಲವನ್ನೆಲ್ಲ ಜಾಲಾಡಿದ.
ಜಾಲಾಡಲಿ.