ಅಡ್ಡಹೆಸರು

ನಮ್ಮ ಕಡೆ ಊರು ಬಿಟ್ಟವರು
ಊರನ್ನ ಹೆಸರಿನ ಬಾಲಕ್ಕ ಕಟಗೊಂಡು ಬರ್ತಾರ.
ನಾನು ಹೊಂಬಳ. ಹೊಂಬಳದಾಗ ನಮಗ
ಒಂದು ಗ್ವಾದಲಿನೂ ಇಲ್ಲ ಈಗ.
ಹುಬ್ಬಳ್ಳಿ ದವಾಖಾನಿಯ ಎರಡನೇ ಮಜಲಿನ್ಯಾಗ
ಮಂದಿ ಮೈಯ ತುಣುಕು ಮೇಣದಾಗ ಹೂಳಿ,
ಉಳ್ಳಾಗಡ್ಡಿ ಪೊರಿಗಿಂತ ತೆಳ್ಳಗ ಕೊಯ್ದು
ಗಾಜಿಗೆ ಹಚ್ಚೂದು ನನ್ನ ನೌಕರಿ.

ಇವತ್ತಿನ ಡಬ್ಬಿ ಮ್ಯಾಲ: ಮೈಮುನ್ನಿಸಾ ಸವಣೂರ, ಐವತ್ನಾಲ್ಕು.
ಮಿದುಳಿನದು. ಅವರೀಕಾಳಿನಷ್ಟು.
ಹೆಸರು ಓದಿ ಕೈ ನಿಂತವು.
ಏಳು ವರ್ಷದ ಹಿಂದ ಇದ ಕೈಲೆ
ಆಕಿ ಎದಿಯ ಗಂಟು ಕೊಯ್ದಿದ್ದೆ.
ಆ ಮೇಣದ ಬಿಲ್ಲೆ ಇನ್ನೂ ಕಪಾಟಿನ್ಯಾಗೈತಿ,
ಮೂರನೇ ಸಾಲು, ಇಲಿ ಕಡಿದ ಚೀಟಿ ಹಿಂದ.

ಗಣೇಶಪೇಟಿಯಾಗ ಟೇಲರ್ ಆಕಿ.
ಆಗ ವರದಿ ಒಯ್ಯಲಿಕ್ಕೆ ಬಂದಾಕಿ
ನನ್ನ ಏಪ್ರನ್ನಿನ ಹರಕು ಕಿಸೆ ನೋಡಲಾರದ
ಅಲ್ಲೇ ಬೆಂಚಿನ ಮ್ಯಾಲ ಕುಂತು ಹೊಲದು ಕೊಟ್ಟಿದ್ಲು.
"ಹೆಸರಿನ್ಯಾಗ ಸವಣೂರೈತ್ರಿ,
ನಮ್ಮಜ್ಜಾನೂ ನೋಡಿಲ್ಲ ಸವಣೂರ" ಅಂದು ನಕ್ಕಿದ್ಲು.

ಏಳು ವರ್ಷ ಎಲ್ಲಿದ್ದವು ಇವು?
ರಕ್ತಕ್ಕ ಬಿದ್ದ ಸಾವಿರದಾಗ ಎಷ್ಟೋ ದಾರ್‍ಯಾಗ ಸತ್ತವು.
ಮಿದುಳಿನ ನಾಳಕ್ಕ ಭಾಳ ಸಣ್ಣ ಕಣ್ಣಿನ ಜರಡಿ,
ಸಲಾಯಿನ್ಯಾಗ ಏರಿಸಿದ ಔಷಧ ಸಹಿತ
ಹೊರಗ ನಿಂತಿತ್ತು ಅಲ್ಲಿ.
ಒಂದು ಮಾತ್ರ ಮೈ ಹಿಂಡಿಕೊಂಡು ನುಸುಳಿತು,
ದುರ್ಗದಬೈಲಿನ್ಯಾಗ ಗ್ವಾಡಿಗುಂಟ ತಟ್ಟು ಹಾಸಿದವರಂಗ
ನಾಳಕ್ಕ ಆತು ಮಲಗಿತು.
ನಕ್ಷತ್ರದಂಥ ಕೋಶ ಅದಾವ ಅಲ್ಲಿ, ಓಣಿಯ ಹಿರ್ಯಾರು.
ಮೊದಲು ಬೈದು, ಹೊಡದು ಎಬ್ಬಿಸಿದ್ದಾವು;
ಆಮ್ಯಾಲ ಯಾಕೋ
ಗ್ವಾಡಿ ಮ್ಯಾಲಿಂದ ಒಂದು ಬಟ್ಟಲ ಹೆಪ್ಪು ಕೊಟ್ಟಾವು.
ಹೆಪ್ಪು ಸಿಕ್ಕರ ಸಾಕಲ್ಲ.

ಗುಲಾಬಿ, ನೀಲಿ ಬಣ್ಣ ಕುಡಿಸಿ
ಕಣ್ಣು ಹಚ್ಚಿ ನೋಡಿದೆ.
ನೋಡಬಾರದಿತ್ತು ಅನ್ನಂಗಿಲ್ಲ, ನೋಡೂದ ಕೆಲಸ.
ವಿಚಾರ ಹರಿಯೂ ಜಾಗದಾಗ
ಅವು ಸಣ್ಣ ಸಣ್ಣ ಓಣಿ ಕಟ್ಟಾಕ ಹತ್ಯಾವು,
ದುಂಡಗ, ನಡುವ ಬರಿದು ಬಿಟ್ಟು, ಸೊಟ್ಟಪಟ್ಟ.
ಹಾಲು ಹರಿಯೂ ಓಣಿ.
ಯಾರ ಹಾಲು? ಯಾವ ಕೂಸಿಗೆ?
ಕೆಟ್ಟರೂ, ಊರು ಬಿಟ್ಟರೂ
ಕೈಗೆ ಬರೂದು ಅದೊಂದ ಕಸುಬು.

ಇನ್ನೊಂದು ಗಾಜಿಗೆ ಸಾಕ್ಷಿಬಣ್ಣ ಹಾಕಿದೆ.
ಕಪಾಟಿನ ಹಳೇದು ಹಿಡಿದ ಕಂದು,
ಅದ ಕಂದು.

ಮಿದುಳಿನ ಕ್ಯಾನ್ಸರ್ ಅಂತ ಬರೆಯಂಗಿಲ್ಲ ವರದಿಯಾಗ.
ನೆಲಿ: ಮಿದುಳು. ಮೂಲ: ಎದಿ.
ಡಾಕ್ಟರ್ ಸಹಿ ಹಾಕಿದ್ರು.

ಮಧ್ಯಾಹ್ನ ಅಕ್ಕನ ತೋಳು ಹಿಡಕೊಂಡು ಬಂದ್ಲು,
ಸೆರಗಿನ ಕೆಳಗ ಅರ್ಧ ಬೋಳು ತಲಿ.
"ಸೂಜಿಗೆ ಎರಡೆರಡು ಕಣ್ಣು ಕಾಣ್ತಾವ್ರಿ ಹೊಂಬಳ ಮೇಡಂ,
ಯಾವುದಕ್ಕ ದಾರ ಹಾಕ್ಲಿ?"
ಅಂಟಿಸಿದ ಲಕೋಟಿನ ನಾನು ಮತ್ತೊಮ್ಮೆ ಅಂಟಿಸಿದೆ.
ಆಕಿ ಲಗೂನ ತಗೊಳ್ಳಿಲ್ಲ.
"ಸವಣೂರಾಗ ಏನೈತ್ರಿ ನೋಡಾಕ?"
ಭಾಳ ದೊಡ್ಡ ಗಿಡ ಅದಾವಂತ, ಅಂದೆ, ಮೂರು.
ಎಲ್ಲೋ ಸಮುದ್ರದಾಚಿಂದ ಬಂದವಂತ.
ಮಂದಿ ದೊಡ್ಡ ಹುಣಸಿ ಅಂತಾರ,
ಹುಣಸಿ ಅಲ್ಲ ಅವು.
"ಮತ್ತ ಏನವು?"
ಹೆಸರು ನೆನಪಾಗಲಿಲ್ಲ ನನಗ.

ಅಷ್ಟರಾಗ ಆಕಿ ಎಡಗೈ, ತನ್ನಷ್ಟಕ್ಕ ತಾನು,
ನನ್ನ ಕಿಸೆಯ ಅಂಚಿಗೆ ಬಂದು
ಹಳೇ ಹೊಲಿಗಿ ತಡಕಿತು.
"ಗಟ್ಟಿ ಐತಿ" ಅಂದ್ಲು.