ಬೂಷ್ಟಿನ ಖಾತೆ

ಸೋಮವಾರ ಬೆಳಿಗ್ಗೆ ಷಟರ್ ಎತ್ತಿದರೆ
ಮಂಡಿಪೇಟೆ ಗೋದಾಮು ಪೂರಾ ಹಳದಿ.
ಶನಿವಾರ ಇಳಿಸಿದ್ದು ಕಲ್ಲಿನಂಥ ಕಾಯಿ,
ಏಲಕ್ಕಿ ಬಾಳೆ, ನೂರಾ ಹದಿನಾಲ್ಕು ಗೊನೆ.
ಗುರುವಾರಕ್ಕೆ ಹಣ್ಣಾಗಬೇಕಿತ್ತು.

"ಕಾರ್ಬೈಡ್ ಇಟ್ಟೀಯಲ್ಲೋ" ಅಂದರು ಸಾಹುಕಾರ್ರು
ಹಮಾಲಿ ತಿಪ್ಪೇಶನ ಮುಖಕ್ಕೆ.
ಜೇಬು ತಿರುವಿದರು. ಉದುರಿದ್ದು
ಒಂದು ಮೋಟು ಬೀಡಿ, ನಾಲ್ಕು ಕಾಳು ಮಂಡಕ್ಕಿ.
"ನಾನಲ್ರೀ, ನಮ್ಮವ್ವನಾಣೆ."
ಆಣೆಗೆ ಲೆಡ್ಜರಿನಲ್ಲಿ ಕಾಲಮ್ಮಿಲ್ಲ.
ಐದು ದಿನದ ಕೂಲಿ ಮುರಿದು ಕೆಂಪು ಗೀಟು ಎಳೆದದ್ದು
ನನ್ನ ಪೆನ್ನೇ.

ಬುಧವಾರ ಮೂಗಿಗೆ ಏನೋ ಸಿಹಿ ಕಮಟು.
ಹತ್ತಿ ಗಿರಣಿ ಕಾಲದ ಕೋಣೆ, ಕಿಟಕಿ ಇಲ್ಲ,
ಒಳಗೆ ಬಂದ ಗಾಳಿ ಹೊರಡುವುದನ್ನೇ ಮರೆಯುತ್ತದೆ.
ತಕ್ಕಡಿ ಹಿಂದಿನ ಗೋಣಿ ಸರಿಸಿದೆ:
ದಸರೆಗೆ ಮುಂಚೆ ಮರೆತ ಮೂಸಂಬಿ
ಬಿಳಿ ಅಂಚಿನ ಹಸಿರು ಮಖಮಲ್ಲು ಹೊದ್ದು
ಕರೆಯದೆ ಬಂದ ಬೀಗರ ಹಾಗೆ ಕೂತಿವೆ.
ಬೆರಳು ತಾಗಿಸಿದೆ.
ಹೊಗೆಯಂತೆ ಎದ್ದಿತು ಪುಡಿ.

ರಾತ್ರಿ ಮುದ್ದೆ ಮುರಿಯುತ್ತ ನಾಗವೇಣಿ ಹೇಳಿದಳು,
ಬಿ.ಎಸ್ಸಿ. ಎರಡನೇ ವರ್ಷ, ನನ್ನ ಮಗಳು:
ಬೂಷ್ಟೂ ಉಣ್ಣುತ್ತದಪ್ಪ, ಉಂಡದ್ದನ್ನು ಅರಗಿಸುತ್ತದೆ,
ಅರಗಿಸುವಾಗ ಬಿಡುತ್ತದೆ ಎಥಿಲೀನ್.
ಎರಡು ಇಂಗಾಲ, ನಾಲ್ಕು ಜಲಜನಕ,
ಕಣ್ಣಿಗೆ ಕಾಣದಷ್ಟು.
ಹಣ್ಣು ಅದನ್ನು ಮಾಡಿಕೊಳ್ಳುವ ದಾರಿ ಬೇರೆ,
ಬೂಷ್ಟಿನ ಒಲೆ ಬೇರೆ, ಸೌದೆ ಬೇರೆ.
ಕಾಯಿಗೇನು ಗೊತ್ತು
ಯಾರ ಮನೆಯಿಂದ ಬಂತು ಕರೆ ಅಂತ?
ಬಂತು ಅಂದರೆ ಮಾಗಬೇಕು, ಅಷ್ಟೆ.

ಸಾರು ತಣ್ಣಗಾಯಿತು.
ನಾನು ಬೇರೇನೋ ಎಣಿಸುತ್ತಿದ್ದೆ:
ಹದಿಮೂರು ಮೂಸಂಬಿ. ಐದು ದಿನ. ಒಂದು ಆಣೆ.

ಬೆಳಿಗ್ಗೆ ಸಾಹುಕಾರ್ರಿಗೆ ತೋರಿಸಿದೆ.
"ಥೂ, ಬಿಸಾಕಿ ಆಚೆ" ಅಂದರು,
ಫೋನಿನಲ್ಲಿ ರೇಟು ಕೇಳುತ್ತಲೇ.
ತಿಪ್ಪೇಶ ಹರಿಹರದ ಕಡೆ ಇಟ್ಟಿಗೆ ಹೊರುತ್ತಾನಂತೆ,
ಅಂತೆ ಅಷ್ಟೇ, ಊರಿನ ಹೆಸರು ಯಾರಿಗೂ ಸರಿಯಾಗಿ ತಿಳಿಯದು.

ಕೆಂಪು ಗೀಟಿನ ಪಕ್ಕ ನೀಲಿಯಲ್ಲಿ ಬರೆದೆ: ಬೂಷ್ಟು.
ಮಾರ್ಚಿಗೆ ಆಡಿಟರ್ ಬಂದು, ಇದು ಯಾವ ಖಾತೆ ಅನ್ನುತ್ತಾರೆ.
ಅನ್ನಲಿ.

ಸಂಜೆ ಅಶೋಕ ರಸ್ತೆಯಲ್ಲಿ ರೈಲ್ವೆ ಗೇಟು ಬಿತ್ತು.
ಸೈಕಲ್ಲಿನಿಂದ ಒಂದು ಕಾಲೂರಿ ನಿಂತೆ
ನೂರು ಜನರ ಉಸಿರಿನ ನಡುವೆ.
ಉಗುರಿನ ಸಂದಿಯಲ್ಲಿ ಇನ್ನೂ ಹಸಿರಿತ್ತು.
ಮೂಸಿದೆ.
ಗೂಡ್ಸ್ ಗಾಡಿ, ಉದ್ದ, ಮುಗಿಯಲೇ ಇಲ್ಲ.