ನಡುವೆ ಪ್ಲೈವುಡ್ಡು

ಗುತ್ತಲಿನಿಂದ ಬಂದ ಬಡಗಿ ಕಾಳಾಚಾರಿ
ನನ್ನ ಮೇಜಿಗೆ ಅಡ್ಡಲಾಗಿ ಟೇಪು ಹಿಡಿದು
‘ಎಲ್ಲಿಗೆ ಕುಯ್ಲಿ ಸಾ?’ ಅಂದ.
ಪ್ರಿನ್ಸಿಪಾಲರ ಸುತ್ತೋಲೆ ಕೈಲಿತ್ತು:
ಪ್ರವೇಶ ಒಬ್ಬರು, ಶುಲ್ಕ ರಿಯಾಯಿತಿ ಇನ್ನೊಬ್ಬರು,
ಒಬ್ಬರ ಕಡತ ಇನ್ನೊಬ್ಬರು ನೋಡತಕ್ಕದ್ದಲ್ಲ.
ಇಪ್ಪತ್ತಾರು ವರ್ಷ ಒಂದೇ ಡ್ರಾಯರಿನಲ್ಲಿ
ಎರಡು ಸೀಲು ಮಲಗಿದ್ದವು
ಒಂದಕ್ಕೊಂದು ಮಸಿ ಮೆತ್ತಿಕೊಂಡು.
‘ಇಲ್ಲಿಗೆ’ ಅಂದೆ, ಡ್ರಾಯರು ನನ್ನ ಕಡೆ ಉಳಿಯುವ ಹಾಗೆ.

ಸುಳ್ಳೇಕೆ, ಹೊಟ್ಟೆಯೊಳಗೆ ಸಂಕಟವಾಯಿತು.
ನೂರಡಿ ರಸ್ತೆಯಲ್ಲಿ ಟೀ ಕುಡಿಯುವಾಗ
ಎದ್ದು ನಿಂತು ನಮಸ್ಕಾರ ಹೊಡೆಯುತ್ತಿದ್ದವರು
ಯಾವ ಸೀಲಿಗೆ ಕೈ ಮುಗಿಯುತ್ತಿದ್ದರೋ
ಇನ್ನು ಗೊತ್ತಾಗಿಬಿಡುತ್ತದೆ.

ಅಂಕಪಟ್ಟಿ ಬಿಡಿಸುವ ಮೊದಲೇ ಕೇಳುತ್ತಿದ್ದೆ:
‘ನಿಮ್ಮಪ್ಪ ಏನ್ಮಾಡ್ತಾರೆ?’
ಆ ಪ್ರಶ್ನೆಗೊಂದು ರುಚಿಯಿತ್ತು,
ಆಲೆಮನೆ ಮುಂದೆ ಹಾದುಹೋಗುವಾಗ
ತಿನ್ನದೆಯೂ ನಾಲಗೆಗೆ ಬರುವ ರುಚಿ.
ಯಾರು ಕಟ್ಟಬಲ್ಲರು, ಯಾರು ಕಂತು ಕೇಳುತ್ತಾರೆ,
ಯಾರ ಆದಾಯ ಪ್ರಮಾಣಪತ್ರ ನಿಜ,
ಯಾರದು ತಾಲ್ಲೂಕು ಕಚೇರಿ ಎದುರಿನ
ಬೇವಿನ ಮರದಡಿ ಹುಟ್ಟಿದ್ದು,
ಮುಖ ನೋಡಿ ಹೇಳುತ್ತಿದ್ದೆ.

ಆಚಾರಿ ಮೇಜು ಎಳೆದ.
ಡ್ರಾಯರಿನ ಹಿಂದೆ ಸಿಕ್ಕಿಕೊಂಡಿದ್ದ ಜೆರಾಕ್ಸೊಂದು
ಹೊರಬಿತ್ತು, ಜಿರಲೆ ಮೊಟ್ಟೆಯ ಸಮೇತ.
ಕೆ. ಎಂ. ಚೆಲುವರಸಿ. ಕೀಲಾರ. ನೂರಕ್ಕೆ ಎಂಬತ್ತೊಂಬತ್ತು.

ನೆನಪಿಲ್ಲ ಅನ್ನಲು ನೋಡಿದೆ. ನೆನಪಿದೆ.
ಅವಳಪ್ಪ ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿದ್ದ,
ಕಬ್ಬಿನ ಲಾರಿ ತೂಗುವ ಕೆಲಸ.
‘ತೂಕದಲ್ಲಿ ಒಂಚೂರು ಕೈಯಾಡಿಸಬಹುದಲ್ವೇನಯ್ಯ?’
ತಮಾಷೆಗೆ ಕೇಳಿದ್ದೆ. ನಕ್ಕ:
‘ಎಲ್ಲಾದದು ಸಾ? ತೂಗೋನೇ ಬ್ಯಾರೆ, ದುಡ್ಡು ಬರಿಯೋನೇ ಬ್ಯಾರೆ.
ಯಾರ ಗಾಡಿ ಅಂತ ನಾನು ತಲೆ ಎತ್ತಿ ನೋಡಂಗಿಲ್ಲ.’

ಆ ವರ್ಷ ರಿಯಾಯಿತಿ ನಿಧಿ ತಳ ಕಂಡಿತ್ತು.
ಹದಿನಾಲ್ಕು ಸಾವಿರ. ಅವರು ಹೇಗೂ ಕಟ್ಟಲಾರರು,
ಸೀಟು ಸಿಕ್ಕಿ ಬಿಡುವುದಕ್ಕಿಂತ
ಸಿಗದೆ ಹೋಗುವುದೇ ಮರ್ಯಾದೆ ಎಂದು
ನಾನೇ ಎಣಿಸಿ, ನಾನೇ ಮರುಗಿ
ಅವಳ ಹೆಸರನ್ನು ಗೆರೆಯಿಂದ ಕೆಳಗಿಳಿಸಿದೆ.
ಕರುಣೆ ಅಂದುಕೊಂಡೆ.
ಆ ಸೀಟಿಗೆ ಬಂದವನು ಪೂರ್ತಿ ಫೀಸು
ಒಂದೇ ಸಲಕ್ಕೆ ಕಟ್ಟಿದ; ಕಾಲೇಜಿಗೂ ಅನುಕೂಲ.
ಅಪ್ಪ ಪಟ್ಟಿ ನೋಡಿದ, ಬೆರಳಿಟ್ಟು ಮತ್ತೆ ನೋಡಿದ,
‘ನಿಮ್ದೇನು ತಪ್ಪು ಸಾ, ನಂಬರು ಬಂದಿಲ್ಲ’
ಎಂದು ನನಗೇ ಸಮಾಧಾನ ಹೇಳಿ
ಸೈಕಲ್ ಹತ್ತಿದ.

ಸಂಜೆಗೆ ಗೋಡೆ ಎದ್ದಿತು. ಆಚೆಗೆ ಮುಬೀನಾ ಮೇಡಂ,
ಅವರ ಹೊಸ ಬೀಗ, ಹೊಸ ಸ್ಟಾಂಪ್ ಪ್ಯಾಡು.
ತೊಲೆಯ ಟ್ಯೂಬ್‌ಲೈಟು ಒಂದೇ ಆದ್ದರಿಂದ
ಮೇಲೊಂದು ಮೊಳ ಜಾಗ ಬಿಟ್ಟಿದ್ದಾನೆ ಆಚಾರಿ.
ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ
ಇಷ್ಟು ವರ್ಷ ಮಾತಾಡಿದವನು ನಾನು:
‘ನೋಡೋಣ’, ‘ಹೇಳಿ ಕಳಿಸ್ತೀನಿ’, ‘ಆಗಲ್ಲ ಅಂತ ಅಲ್ಲ’.
ಈಗ ಗೋಡೆಯೇ ಬಂದಿದೆ,
ದೀಪ ಬರೀ ದೀಪ.

‘ಏನ್ಸಾರ್ ಅದು ಕೈಲಿ?’ ಮುಬೀನಾ ಆಚೆಯಿಂದ.
‘ಹಳೇದು ಮೇಡಂ.’
‘ನನ್ ಕಡೇದಾ?’
ಯಾವ ಕಡೆಯದೆಂದು ನನಗೂ ತಿಳಿಯಲಿಲ್ಲ.
ಮಡಚಿ ಜೇಬಿಗಿಟ್ಟೆ.

ಬೆಳಿಗ್ಗೆ ಹತ್ತಕ್ಕೆ ಮೊದಲ ಹುಡುಗ.
‘ನಿಮ್ಮಪ್ಪ...’ ಬಾಯಿಗೆ ಬಂದದ್ದನ್ನು
ಎಂಜಲಿನ ಜೊತೆ ನುಂಗಿದೆ.
ಆದರೂ ಕಂಡಿತು: ಚಪ್ಪಲಿಯ ಉಂಗುಟಕ್ಕೆ ಪಿನ್ನು,
ನೀಲಿ ಹೆಚ್ಚಾಗಿ ತೊಳೆದ ಬಿಳಿ ಅಂಗಿ.
ಕಣ್ಣಿಗೆ ಪ್ಲೈವುಡ್ ಹೊಡೆಯುವ ಆಚಾರಿ
ಗುತ್ತಲಿನಲ್ಲೂ ಇಲ್ಲ.

ತಲೆ ತಗ್ಗಿಸಿ ಅಂಕಪಟ್ಟಿ ಬಿಡಿಸಿದೆ.
ಕೂಡಿದೆ. ಕೂಡಿದ್ದನ್ನು ಮತ್ತೊಮ್ಮೆ ಕೂಡಿದೆ,
ಕಾಟಾದ ಮುಳ್ಳು ನಿಲ್ಲಲೆಂದು ಕಾಯುವವನ ಹಾಗೆ.
ಗೆರೆಯ ಮೇಲೆ ಹೆಸರು ಬರೆದು ಸೀಲು ಒತ್ತಿದೆ.
ಅಂಚಿನಲ್ಲಿ, ಎಷ್ಟು ಒರೆಸಿದ್ದರೂ,
ಇನ್ನೊಂದು ಸೀಲಿನ ಹಳೆಯ ಮಸಿ
ಸ್ವಲ್ಪ ಮೂಡಿತು.